ತುಂಬಿದ ಗಮೇಲಾ, ತಡವಾದ ಮಾತು

ತಾಯಪ್ಪ ಮಾತು ಕಡಿಮೆಯ ಮನುಷ್ಯ. ಏನು ಕೇಳಿದರೂ ಒಂದು ಉಸಿರು ತಡೆದೇ ಉತ್ತರ ಕೊಡುತ್ತಿದ್ದ. ಹೆಂಡತಿ ಶರಣಮ್ಮನಿಗೆ ಆ ತಡೆಯ ಅಳತೆ ಗೊತ್ತಿತ್ತು. ಬೇಗ ಬಂದ ‘ಹೂಂ’ ಅಂದರೆ ಮನಸ್ಸಿದೆ. ತಡವಾಗಿ ಬಂದರೆ ಅರೆಮನಸ್ಸು. ಪೂರ್ತಿ ಸುಮ್ಮನಾದನೆಂದರೆ ಬೇಡ.

ಇಬ್ಬರೂ ಶಹಾಪುರದ ಕಡೆಯವರು. ತೊಂಬತ್ತೊಂದರಲ್ಲಿ ದುಡಿಮೆಗೆಂದು ಮರಾಠಿ ಸೀಮೆಗೆ ಹೋಗಿ ಸ್ವಾರಗೇಟಿನಲ್ಲಿ ಬಸ್ಸಿಳಿದು, ನಿಗಡಿಯಲ್ಲಿ ಸ್ಲ್ಯಾಬ್ ಹಾಕುವ ಕೆಲಸಕ್ಕೆ ಸೇರಿದರು. ಹತ್ತು ವರ್ಷ ಗಮೇಲಾ ಎತ್ತಿದರು. ಕಾಂಕ್ರೀಟು ತುಂಬಿದ ಆ ಕಬ್ಬಿಣದ ಬುಟ್ಟಿ ಸಾಲಾಗಿ ನಿಂತವರ ಕೈಯಿಂದ ಕೈಗೆ ಮೇಲೇರುತ್ತಿತ್ತು. ಶರಣಮ್ಮ ಯಾವಾಗಲೂ ಅವನಿಗಿಂತ ಒಂದು ಮೆಟ್ಟಿಲು ಮೇಲೆ.

ಮಕ್ಕಳಾಗಲಿಲ್ಲ. ಆಮೇಲೆ ಅವಳು ಮನೆಗೆಲಸ ಹಿಡಿದಳು. ಇವನು ವೈರಿಲ್ಲದೆ ಇಂಟರ್ನೆಟ್ ಕೊಡುವ ಸಣ್ಣ ಆಫೀಸೊಂದಕ್ಕೆ ಸೇರಿ, ಮಾಳಿಗೆಗಳ ಮೇಲಿನ ಕಂಬ ಹತ್ತಿ ಆಂಟೆನಾ ಕೂರಿಸತೊಡಗಿದ. ಎರಡು ಸಾವಿರದ ನಾಲ್ಕರಲ್ಲಿ ಅವಳು ದುಡಿಯುತ್ತಿದ್ದ ಮನೆಯವರು ಮಸ್ಕತ್ತಿಗೆ ಹೊರಟರು. ಆ ಮನೆಯ ಅಜ್ಜಿಗೆ ಶರಣಮ್ಮನೇ ಬೇಕು. ಎರಡು ವರ್ಷದ ಕರಾರಿನ ಮೇಲೆ ಅವಳೂ ಹೋದಳು.

ತಾಯಪ್ಪ ಒಂದು ಮಾಳಿಗೆಯ ಮೇಲೆ, ಆಂಟೆನಾ ಕಂಬದ ಬುಡದ ಖೋಲಿಯಲ್ಲಿ ಒಬ್ಬನೇ ಉಳಿದ. ಒಂದು ತಾಟು, ಒಂದು ತಂಬಿಗೆ. ಐತವಾರ ಮಧ್ಯಾಹ್ನ ಅದೇ ಕಂಬದ ಲೈನಿದ್ದ ಕೆಳಗಿನ ಸೈಬರ್ ಕೆಫೆಯಿಂದ ನೆಟ್ ಫೋನಿನಲ್ಲಿ ಅವಳೊಂದಿಗೆ ಮಾತು. ಬೇರೆ ದಿನ ಆ ಮನೆಗೆ ಫೋನು ಮಾಡುವಂತಿರಲಿಲ್ಲ.

ಕರಾರು ಮುಗಿಯುವ ತಿಂಗಳು ಬಂತು. ಅದೇ ಹೊತ್ತಿಗೆ ಆ ಕೆಫೆಗೆ ಬರುವ ಎದುರಿನ ಹಾಸ್ಟೆಲ್ ಹುಡುಗರು ಸ್ಪೀಡ್ ಸಾಲದೆಂದು ತಾಯಪ್ಪನನ್ನು ಕಂಡಲ್ಲಿ ಬೈಯತೊಡಗಿದ್ದರು. ಅವನೇ ಹೋಗಿ ಆಫೀಸಿನ ಇಂಜಿನಿಯರ್ ಸ್ನೇಹಲ್‌ಗೆ ಹೇಳಿದ. ಅವಳು ಏನೋ ಬದಲಿಸಿದಳು. ಸಿನಿಮಾಗಳು ಸರಸರ ಇಳಿದವು, ಬೈಗುಳ ನಿಂತಿತು.

ಆ ಐತವಾರ ಶರಣಮ್ಮ ಕೇಳಿದಳು: “ಅಜ್ಜಿ ಇನ್ನೆರಡು ವರ್ಷ ಇರು ಅಂತಾಳ. ನಾ ಬರಲೇನ್ರಿ?”

“ಬಾ,” ಎಂದ ತಾಯಪ್ಪ. ಉಸಿರು ಕೂಡ ತಡೆಯಲಿಲ್ಲ.

ಆ ಕಡೆ ಸದ್ದಿಲ್ಲ. ಬಹಳ ಹೊತ್ತಿನ ಮೇಲೆ ಅವಳ ದನಿ ಬಂತು. “ಆಯ್ತು ಬಿಡ್ರಿ. ತಿಳೀತು.”

“ಏನ್ ತಿಳೀತು? ಬಾ ಅಂದೆ!”

“ಏನಂದ್ರಿ? ಕೇಳವಲ್ದು...”

ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು ಬಿತ್ತು. ಇಬ್ಬರೂ ನಿಲ್ಲಿಸಿದರು. ಇಬ್ಬರೂ ಕಾದರು. ಅಜ್ಜಿ ಕರೆದಳೆಂದು ಅವಳು ಫೋನಿಟ್ಟಳು.

ಬುಧವಾರ ತಡೆಯಲಾರದೆ ಎಸ್‌ಟಿಡಿ ಬೂತಿನಿಂದ ಮಸ್ಕತ್ತಿಗೆ ಫೋನು ಮಾಡಿದ. ಮನೆಯೊಡೆಯ ಎತ್ತಿ, “ರವಿವಾರಿ ಕರಾ”, ಐತವಾರವೇ ಮಾಡು, ಎಂದು ಮರಾಠಿಯಲ್ಲಿ ಹೇಳಿ ಇಟ್ಟುಬಿಟ್ಟ.

ಶುಕ್ರವಾರ ಸ್ನೇಹಲ್ ಕಂಬ ನೋಡಲು ಬಂದಳು. ಅವಳದು ಖಡಕಿಯ ಮರಾಠಿ ಮಂದಿಯ ನಡುವೆ ಬೆಳೆದ ಕನ್ನಡ.

“ತಾಯಪ್ಪ ಕಾಕಾ, ಹುಡುಗರು ಈಗ ಸುಮ್ಮ ಆದ್ರಲ್ಲ?”

“ಆದ್ರು ಅಕ್ಕಾರ. ಆದ್ರ ಮಾತು ಭಾಳ ಹಿಂದ ಬೀಳ್ಲಕತ್ತದ.” ಅವನು ಕೈ ಎತ್ತಿ ಮೂರು ಬೆರಳು ಮಡಚಿದ. “ಹಲೋ ಅಂದು ಇಷ್ಟು ಎಣಿಸಿದ ಮ್ಯಾಲ ಆ ಕಡಿ ಮುಟ್ತದ.”

“ಏನೂ ಕಳೀಬಾರ್ದು ಅಂತ ಲೈನಿನ ಡಬ್ಬಿಯೊಳಗಿನ ಸರದಿ ಉದ್ದ ಮಾಡೀನಿ. ತುಂಬಿ ತುಂಬಿ ಒಮ್ಮೆಲೆ ಕಳಸ್ತದ. ನಿಮ್ಮ ಮಾತು ಸಿನಿಮಾದ ಹಿಂದ ಪಾಳಿ ಹಚ್ಚಿ ನಿಂತದ.”

ತಾಯಪ್ಪ ಯೋಚಿಸಿದ. “ಸ್ಲ್ಯಾಬಿನ್ಯಾಗ ಕಾಂಕ್ರೀಟು ಎತ್ತೂ ಲಿಫ್ಟ್ ಬಂದಾಗ ಹಿಂಗೇ ಆಗಿತ್ತು. ತುಂಬೂ ತನಕ ಏಳ್ತಿದ್ದಿಲ್ಲ. ಮಾಲು ರಗಡ ಹೋಗ್ತಿತ್ತು. ಆದ್ರ ಮ್ಯಾಲಿನವ ಕೈ ಚಾಚಿ ಖಾಲಿ ನಿಂದರ್ತಿದ್ದ. ಗಮೇಲಾದ ಸಾಲಿನ್ಯಾಗ ಮಾಲು ಕಡಿಮಿ, ಖರೇ, ಕೈ ಮಾತ್ರ ಖಾಲಿ ಇರ್ತಿದ್ದಿಲ್ಲ.”

“ಹಂಗಾದ್ರ ಗಮೇಲಾ ಮಾಡ್ಲೇನು? ಸರದಿ ಸಣ್ಣದು ಮಾಡಿ, ಮಾತನ್ನ ಮುಂದ ಬಿಡ್ತೀನಿ. ಸ್ಪೀಡು ಒಂದೀಟು ಇಳೀತದ. ಹುಡುಗರು ನಿಮ್ಮ ಕಾಲರ್ ಹಿಡೀತಾರ ನೋಡ್ರಿ.”

“ನನ್ನ ಅಂಗಿಗಿ ಕಾಲರೇ ಇಲ್ರಿ.”

ಸ್ನೇಹಲ್ ನಕ್ಕಳು. ಕೆಳಗೆ ಕೂತು ಅರ್ಧ ತಾಸು ಕೀಬೋರ್ಡು ಬಡಿದಳು. ತಾಯಪ್ಪ ಕೆಫೆಯಿಂದ ಅವಳ ಮೊಬೈಲಿಗೆ ನೆಟ್ ಫೋನು ಹಚ್ಚಿ ಹಲೋ ಎಂದ. ಒಂದು ಬೆರಳೂ ಮಡಚುವ ಮೊದಲೇ ಮುಟ್ಟಿತು.

ಐತವಾರ ಊಟ ಮಾಡದೆ ಕೆಫೆಗೆ ಇಳಿದ.

“ಉಂಡ್ರೇನ್ರಿ?” ಎಂದಳು ಶರಣಮ್ಮ.

“ಬಾ,” ಎಂದ ಅವನು. “ಹ್ವಾದ ವಾರ ಬಾ ಅಂದಿದ್ದೆ. ಲೈನು ತಡಾ ಮಾಡಿತು.”

ಲೈನು ಎಷ್ಟು ಸ್ವಚ್ಛವಿತ್ತೆಂದರೆ ಆ ಕಡೆ ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ತಾಯಪ್ಪನ ಬೆರಳು ತಾವಾಗಿಯೇ ಮಡಚಿಕೊಂಡವು. ಒಂದು. ಎರಡು. ಮೂರು. ನಾಲ್ಕು.

“ಗುರುವಾರ ಇನ್ನೆರಡು ವರ್ಷದ ಕರಾರಿಗಿ ಹೆಬ್ಬಟ್ಟು ಒತ್ತಿಬಿಟ್ಟೀನ್ರಿ. ನೀವು ಸುಮ್ಮ ಆದ್ರಿ. ಬ್ಯಾಡ ಅಂತ ತಿಳಕೊಂಡೆ.”

ಈಗಿನ ತಡ ಲೈನಿನದಲ್ಲ, ತನ್ನದೇ ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಾಗಿರಬೇಕು, ಕಾದಳು.

“ಅಜ್ಜಿ ಹ್ಯಾಂಗಿದಾಳ?” ಎಂದು ಕೊನೆಗೆ ಕೇಳಿದ.

“ಎತ್ತಿ ಕುಂದ್ರಸಬೇಕು. ನಿಮ್ಮ ಸೊಂಟದ ನೋವು?”

“ಅದ.”

ಹಿಂದಿನ ಕುರ್ಚಿಯಲ್ಲಿದ್ದ ಹಾಸ್ಟೆಲ್ ಹುಡುಗನೊಬ್ಬ ಸ್ಪೀಡ್ ಸತ್ತಿತೆಂದು ಮರಾಠಿಯಲ್ಲಿ ಕೂಗಾಡುತ್ತಿದ್ದ. ತಾಯಪ್ಪ ತಿರುಗಿ ನೋಡಲಿಲ್ಲ.

“ಮುಂದಿನ ಐತಾರ ಮಾಡ್ತೀರೇನು?” ಎಂದಳು ಶರಣಮ್ಮ.

“ಹೂಂ,” ಎಂದ, ಅವಳ ಮಾತು ಮುಗಿಯುವ ಮೊದಲೇ.