ತ್ರೇಸ್ಯಾಮ್ಮನ ಫೋಟೋ

ಕಡಬದ ಪೇಟೆಯಲ್ಲಿ ಬೇರೆ ಹೆಂಗಸರು ಮೊಮ್ಮಕ್ಕಳ ಫೋಟೋ ಹೊರತೆಗೆದರೆ ಕೋಡಿಂಬಾಳದ ತ್ರೇಸ್ಯಾಮ್ಮ ತಮ್ಮ ಪಿತ್ತಕೋಶದ್ದನ್ನು ತೆಗೆಯುತ್ತಾರೆ. ಮಂಗಳೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಕೊಟ್ಟ ಆ ಕಪ್ಪು ಫೋಟೋ ಸದಾ ಅವರ ಬೈಬಲಿನೊಳಗೆ ಉಂಟು. ಇಗರ್ಜಿಯ ಮೆಟ್ಟಿಲಾಗಲಿ, ಬಸ್ಸಾಗಲಿ, "ಊದಿ ಗೋಡೆ ದಪ್ಪ ಆದದ್ದು ಕಾಣ್ತದಾ? ಒಳಗೆ ಬಿಳಿ ಕಲ್ಲು, ನೋಡಿ ಮಾರಾಯ್ರೆ!" ಎಂದು ಬೆರಳಿಟ್ಟು ತೋರಿಸುತ್ತಾರೆ. ಮದುವೆಯಲ್ಲಿ ಕೋಳಿ ಬಡಿಸುವವನೂ ಅದನ್ನು ನೋಡದೆ ಮುಂದಿನ ಎಲೆಗೆ ಹೋಗುವಂತಿಲ್ಲ. ಆಪರೇಷನ್ ಆಗಿ ಪಿತ್ತಕೋಶ ಹೋಯಿತು, ಫೋಟೋ ಉಳಿಯಿತು. ಒಂದು ಸಂಗತಿ ಮಾತ್ರ ಅವರು ಯಾರಿಗೂ ಹೇಳುವುದಿಲ್ಲ. ಅಂದು ಸ್ಕ್ಯಾನಿಂಗಿನಲ್ಲಿ ಪಕ್ಕೆಲುಬಿನಡಿ ಯಂತ್ರ ತಣ್ಣಗೆ ಓಡಾಡುವಾಗ, ಐವತ್ತು ದಾಟಿದ, ಮಕ್ಕಳಾಗದ ತ್ರೇಸ್ಯಾಮ್ಮ ಮೆಲ್ಲಗೆ, "ಡಾಕ್ಟ್ರೆ, ಸ್ವಲ್ಪ ಕೆಳಗೆ ಸಹ ಒಮ್ಮೆ ನೋಡ್ತೀರಾ?" ಎಂದಿದ್ದರು. ಪಾಪ, ಡಾಕ್ಟರರು ಕೆಳಹೊಟ್ಟೆಯನ್ನೂ ಸಾವಕಾಶವಾಗಿ ನೋಡಿ ಧೈರ್ಯ ಹೇಳಿದರು: "ಅಲ್ಲಿ ಎಂತದೂ ಇಲ್ಲ ಅಮ್ಮ, ಹೆದರಬೇಡಿ."