ಹೂರಣ ತುಂಬಿದ ಕಬ್ಬಿಣ

ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆಯಲ್ಲಿ ಮೈಬೂಬನ ವೆಲ್ಡಿಂಗ್ ಅಂಗಡಿಯ ಬೋರ್ಡು ಅಂಗಡಿಗಿಂತ ದೊಡ್ಡದು. ‘ಒಮ್ಮೆ ಕೂಡಿದ್ದು ಮತ್ತೆ ಅಗಲದು’ ಎಂದು ಅದರ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದಾನೆ. ಬೋರ್ಡಿನ ಒಂದು ಮೂಲೆ ಕಂಬದಿಂದ ಅಗಲಿ ಎರಡು ವರ್ಷವಾಯಿತು. ಗಾಳಿ ಬಂದಾಗ ಟಪಟಪ ಬಡಿಯುತ್ತದೆ. ಆದರೆ ನಾಲ್ಕು ತಾಲ್ಲೂಕುಗಳ ಗೇಟು, ಕಿಟಕಿ, ತಗಡಿನ ಶೆಡ್ಡುಗಳ ಭಾರವೆಲ್ಲ ಒಬ್ಬನ ಹೆಗಲ ಮೇಲಿರುವಾಗ ಸ್ವಂತ ಬೋರ್ಡಿಗೆ ಅವನಿಗೆ ಪುರುಸೊತ್ತಾದರೂ ಎಲ್ಲಿ?

ಹಲಸಂಗಿಯಲ್ಲಿ ಅವನ ತಂದೆ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುತ್ತಿದ್ದರು. ಕಾದ ಪಟ್ಟಿ ತಣಿಯುತ್ತ ಗಾಲಿಯನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕು. ಕೂದಲೆಳೆಯಷ್ಟು ಸಡಿಲವಾದರೂ ನಡುದಾರಿಯಲ್ಲಿ ಗಾಲಿ ಪಟ್ಟಿಯನ್ನು ಉಗುಳುತ್ತದೆ. ಅದಕ್ಕೇ ಅವರು ಮೂರು ಸಲ ಅಳೆಯುತ್ತಿದ್ದರು. ಮಗ ಈ ಮೂರು ಸಲದ ಅಳತೆಯೊಂದನ್ನು ಬಿಟ್ಟು ಬಾಕಿ ವಿದ್ಯೆಯನ್ನೆಲ್ಲ ಶ್ರದ್ಧೆಯಿಂದ ಕಲಿತ.

ಮುಂದೆ ಮುಳವಾಡದ ಏತ ನೀರಾವರಿಯ ಪೈಪಿನ ಕೆಲಸದಲ್ಲಿ ಒಂದು ವರ್ಷ ಬೀರಣ್ಣ ಮೇಸ್ತ್ರಿಯ ಕೈಕೆಳಗೆ ದುಡಿದ. ಮುದ್ದೇಬಿಹಾಳದ ಬೀರಣ್ಣ ನಗುತ್ತಿದ್ದುದು ವರ್ಷಕ್ಕೊಮ್ಮೆ, ಅದೂ ಬೇರೆಯವರ ಕೆಲಸ ಕಂಡು. ಎರಡು ಕಬ್ಬಿಣಗಳು ಸರಿಯಾಗಿ ಕೂಡದೆ ನಡುವೆ ಸಂದಿ ಉಳಿದರೆ ಏನು ಮಾಡಬೇಕೆಂದು ಅವನು ದಿನಕ್ಕೆ ನಾಲ್ಕು ಸಲ ಒದರುತ್ತಿದ್ದ.

“ಎರಡು ಮಿಲಿಮೀಟರ್ ಸಂದಿಗೆ ಯಾರೂ ಅಳೂದಿಲ್ಲ. ಅದಕ್ಕಿಂತ ಹೆಚ್ಚಾತಂದ್ರ, ಎಷ್ಟು ಸಂದಿ ಐತಿ ಅಷ್ಟ ಬೆಸಗಿ ಹೆಚ್ಚಿಗಿ ದಪ್ಪ ಮಾಡು. ಐದು ದಾಟಿತಂದ್ರ ವೆಲ್ಡಿಂಗ್ ರಾಡ್ ಕೆಳಗಿಡು. ಬಿಚ್ಚು, ಹತ್ರ ತಾ, ಆಮ್ಯಾಲ ಹಚ್ಚು. ಸಂದ್ಯಾಗ ಸರಳಿನ ತುಂಡು ತುರುಕಿದಿ ಅಂದ್ರ ನೀ ವೆಲ್ಡರ್ ಅಲ್ಲಲೇ, ಚೀಲ ತುಂಬಾಂವ!”

ಮೈಬೂಬ ಈ ಪಾಠವನ್ನು ಬಾಯಿಪಾಠ ಮಾಡಿಕೊಂಡ. ಸಿಂದಗಿಗೆ ಬಂದು ಅಂಗಡಿ ತೆರೆದ ಮೇಲೆ ಚೀಲ ತುಂಬಲು ಶುರು ಮಾಡಿದ.

ಅದಕ್ಕೆ ಅವನ ಟೇಪು ಕಾರಣ. ಅದರ ತುದಿಯ ಕೊಕ್ಕೆ ಯಾವಾಗಲೋ ಕಿತ್ತುಹೋಗಿ, ಜೊತೆಗೆ ಮೊದಲ ಒಂದು ಸೆಂಟಿಮೀಟರನ್ನೂ ಒಯ್ದಿತ್ತು. ಆ ಟೇಪಿನಿಂದ ಅಳೆದು ಕತ್ತರಿಸಿದ ಕಬ್ಬಿಣವೆಲ್ಲ ಒಂದು ಸೆಂಟಿಮೀಟರು ಗಿಡ್ಡ. ಹೊಸ ಟೇಪು ಕೊಳ್ಳುವ ಬದಲು ಅವನು ಪ್ರತಿ ಅಳತೆಗೂ ಒಂದು ಬೆರಳು ಸೇರಿಸುವ ಪದ್ಧತಿ ಮಾಡಿಕೊಂಡ. ನೆನಪಾದಾಗ ಸೇರಿಸುತ್ತಿದ್ದ. ಮರೆತಾಗ ಸಂದಿಗೆ ಸರಳು ತುರುಕಿ, ಮೇಲೆ ಬೆಸುಗೆ ಎಳೆದು, ಗ್ರೈಂಡರಿನಿಂದ ನುಣ್ಣಗೆ ಮಾಡಿ, ಕೆಂಪು ಬಣ್ಣ ಬಳಿಯುತ್ತಿದ್ದ. ನೋಡಿದರೆ ಜೋಳದ ತೆನೆಯ ಹಾಗೆ ಸಾಲುಸಾಲು ಚಂದ. ಬಸವನ ಬಾಗೇವಾಡಿಯ ಗಿರಾಕಿಗಳು ತಮ್ಮ ಗೇಟಿನ ಬೆಸುಗೆಯನ್ನು ಬೀಗರನ್ನು ಕರೆದು ತೋರಿಸುತ್ತಿದ್ದರು. ಗೇಟಿನ ಮೇಲೆ ಯಾರೂ ಮೂಟೆ ಪೇರಿಸುವುದಿಲ್ಲವಾದ್ದರಿಂದ ಮೈಬೂಬನ ಕೀರ್ತಿಗೆ ಚ್ಯುತಿ ಬರಲಿಲ್ಲ.

ಹೀಗಿರುವಾಗ ಇಂಡಿಯ ಕಡೆಯ ನಿಂಬೆ ಬೆಳೆಗಾರರ ಗುಂಪೊಂದು ಹಣ್ಣು ಆರಿಸುವ ಶೆಡ್ಡು ಕಟ್ಟಿಸಿತು. ಕೆಳಗೆ ಹೆಂಗಸರು ಕೂತು ನಿಂಬೆ ಆರಿಸಬೇಕು, ಮೇಲೆ ಕಬ್ಬಿಣದ ಅಟ್ಟದಲ್ಲಿ ಮೂಟೆಗಳನ್ನು ಪೇರಿಸಬೇಕು. ಗುಂಪಿನ ಮುಖಂಡ ಪರಮಾನಂದ ಅಟ್ಟದ ಕೆಲಸವನ್ನು ಮೈಬೂಬನಿಗೇ ಕೊಟ್ಟ. ನಕ್ಷೆಯ ಅಳತೆಗೆ ಮೈಬೂಬ ತೊಲೆಗಳನ್ನು ಕತ್ತರಿಸಿದ. ಎಲ್ಲದಕ್ಕೂ ಬೆರಳು ಸೇರಿಸಿದ, ಒಂದಕ್ಕೆ ಮರೆತ. ಆ ತೊಲೆ ಮೂರನೇ ಕಂಬವನ್ನು ಮುಟ್ಟದೆ, ಒಂದು ಸೆಂಟಿಮೀಟರು ದೂರದಲ್ಲಿ ಮರ್ಯಾದೆಯಿಂದ ನಿಂತಿತು. ಸರಳು ಒಳಗೆ ಹೋಯಿತು, ಬಣ್ಣ ಮೇಲೆ ಬಂತು.

ತಪಾಸಣೆಗೆ ಬಂದ ಎಂಜಿನಿಯರ್ ಅನಿಲಕುಮಾರ ಬಿಳಿ ಅಂಗಿ ತೊಟ್ಟಿದ್ದ. ಆ ಅಂಗಿಯ ಕ್ಷೇಮವನ್ನು ಗಮನದಲ್ಲಿಟ್ಟು ಆರು ಅಡಿ ದೂರದಿಂದ ಮೊಬೈಲ್ ಟಾರ್ಚ್ ಬಿಟ್ಟು ಪ್ರತಿಯೊಂದು ಬೆಸುಗೆಯನ್ನೂ ಕೂಲಂಕಷವಾಗಿ ನೋಡಿದ. ಮೂರನೇ ಕಂಬದೆದುರು ನಿಂತು ಫೋಟೊ ಬೇರೆ ತೆಗೆದ.

“ಬೆಸಗಿ ಅಂದ್ರ ಇದು ನೋಡ್ರಿ. ಉಳದಾವರಿಗೆ ತೋರಸಾಕ ಬೇಕಾಕ್ಕೈತಿ.”

ಪರಮಾನಂದ ಮೈಬೂಬನಿಗೆ ಶಾಲು ಹೊದಿಸಿದ. ಮೈಬೂಬ ಶಾಲು ಹೊದ್ದುಕೊಂಡೇ ಮೋಟಾರ್ ಸೈಕಲ್ ಏರಿ ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ಅಮೀನಾಬಿ ಅವನಿಗಿಂತ ಹೆಚ್ಚು ಸಂತೋಷದಲ್ಲಿದ್ದಳು. ನಿಂಬೆ ಆರಿಸುವ ಹನ್ನೆರಡು ಹೆಂಗಸರಿಗೆ ಅವಳೇ ಮುಂದಾಳು.

“ಶೆಡ್ಡಿನ್ಯಾಗ ನಮ್ಮ ಜಾಗ ಹಿಡದ ಬಂದೇನ್ರಿ. ಅಟ್ಟದ ಬುಡಕ, ಆ ಮೂರನೇ ಕಂಬದ ಹಂತೇಲಿ. ಗಾಳಿ ಛಲೋ ಬರ್ತೈತಿ.”

ಮೈಬೂಬನ ಕೈಯಲ್ಲಿದ್ದ ರೊಟ್ಟಿ ಬಾಯಿಯವರೆಗೆ ಬಂದು ನಿಂತಿತು.

“ಅಲ್ಲಿ ಬ್ಯಾಡ. ಬಾಗಲದ ಕಡೆ ಕುಂದ್ರು.”

“ಯಾಕ್ರಿ?”

“ಗಾಳಿ ಹೆಚ್ಚಾಕ್ಕೈತಿ. ನಿಂಗ ಮೊದಲ ಮೊಣಕಾಲ ನೋವು.”

“ಅಯ್ಯ, ಇಪ್ಪತ್ತೈದು ವರ್ಷದಾಗ ಇವತ್ತ ನೆನಪಾತೇನ್ರಿ ನನ್ನ ಮೊಣಕಾಲು? ಇರಲಿ ಬಿಡ್ರಿ, ಅಲ್ಲಿ ಶೆಟ್ಟೆವ್ವನ್ನ ಕುಂದರಸ್ತೇನಿ.”

“ಶೆಟ್ಟೆವ್ವನ್ನೂ ಬ್ಯಾಡ!”

“ಹಂಗಾರ ಯಾರನ್ನ ಕುಂದರಸ್ಲಿ, ನೀವ ಹೇಳ್ರಿ.”

ಮೈಬೂಬ ತನಗೆ ಗೊತ್ತಿದ್ದವರನ್ನೆಲ್ಲ ಮನಸ್ಸಿನಲ್ಲಿ ಒಬ್ಬೊಬ್ಬರಾಗಿ ಆ ಕಂಬದ ಕೆಳಗೆ ಕೂರಿಸಿ ನೋಡಿದ. ತನ್ನಿಂದ ಒಂದು ಬಾಗಿಲು ಮಾಡಿಸಿಕೊಂಡು ಮೂರು ಸಲ ತಿದ್ದಿಸಿದ್ದ ಗಿರಾಕಿ ಮಡಿವಾಳಪ್ಪನನ್ನೂ ಕೂರಿಸಿದ. ಯಾರೂ ಒಗ್ಗಲಿಲ್ಲ. ಅಮೀನಾಬಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಹಣ್ಣಿನ ಸಿಪ್ಪೆ ನೋಡಿ ಒಳಗಿನ ಕೊಳೆತ ಹೇಳುವ ಹೆಂಗಸು ಅವಳು.

“ಆ ಕಂಬದಾಗ ಏನೈತ್ರಿ?”

“ಸರಳು,” ಎಂದ ಮೈಬೂಬ.

ಮರುದಿನ ಬೆಳಿಗ್ಗೆ ಅವನು ಗ್ರೈಂಡರ್ ಹಿಡಿದು ಶೆಡ್ಡಿಗೆ ಬಂದಾಗ ಅಟ್ಟಕ್ಕೆ ಇನ್ನೂ ಮೂಟೆ ಏರಿರಲಿಲ್ಲ. ಹೆಂಗಸರು ಬುಟ್ಟಿ ಜೋಡಿಸುತ್ತಿದ್ದರು. ತೊಲೆಯ ಕೆಳಗೆ ಜಾಕು ಆನಿಸಿ ಅವನು ಬೆಸುಗೆಗೆ ಗ್ರೈಂಡರ್ ಹಚ್ಚಿದ್ದೇ ಪರಮಾನಂದ ಓಡಿಬಂದ.

“ಏ ಮೈಬೂಬಸಾಬ್, ತಲಿ ಕೆಟ್ಟೈತೇನು? ಪಾಸ್ ಆಗೇತಿ ಅದು! ನಿನ್ನೇನ ಶಾಲು ಹೊಚ್ಚೇನಿ!”

“ಶಾಲು ತಂದೇನ್ರಿ, ಅಲ್ಲಿ ಗಾಡಿ ಮ್ಯಾಲೈತಿ. ತೊಲಿ ಕಂಬಕ್ಕ ಮುಟ್ಟೇ ಇಲ್ರಿ. ನಡುವ ಸರಳ ತುರುಕೇನಿ. ಬೆಸಗಿ ಕಂಬಾ ಹಿಡದಿಲ್ಲ, ಸರಳಿಗೆ ಜೋತ ಬಿದ್ದೈತಿ. ಮೂಟಿ ಬಿದ್ರ ತಡಿಯೂದಿಲ್ಲ.”

ಇಷ್ಟು ಹೇಳಲು ಅವನಿಗೆ ಒಂದು ಉಸಿರು ಸಾಕಾಯಿತು. ಅಷ್ಟರಲ್ಲಿ ಬೋರ್ಡು ಇಪ್ಪತ್ತು ವರ್ಷ ಹೊತ್ತ ಹೆಸರು ನೆಲಕ್ಕೆ ಬಿತ್ತು. ಬೆಸುಗೆ ಸೀಳಿ ಸರಳಿನ ತುಂಡು ಠಣ್ಣೆಂದು ಕೆಳಗೆ ಬಿದ್ದುದು ಆಮೇಲೆ. ಶೆಟ್ಟೆವ್ವ ಅದನ್ನು ಸೆರಗಿನಿಂದ ಹಿಡಿದು ಎತ್ತಿ, ಬೆಳಕಿಗೆ ತಿರುಗಿಸಿದಳು.

“ಇದೇನ್ರೀ ಸಾಬ್ರ, ಕಬ್ಬಿಣಕ್ಕೂ ಹೂರಣ ತುಂಬತೀರೇನು? ನಾವು ಹೋಳಿಗಿಗೆ ಅಷ್ಟ ಅಂತ ತಿಳದಿದ್ವಿ.”

ಹನ್ನೆರಡು ಹೆಂಗಸರ ನಗು ತಗಡಿಗೆ ಬಡಿದು ಇಮ್ಮಡಿಯಾಗಿ ಮೈಬೂಬನ ತಲೆಯ ಮೇಲೆ ಬಿತ್ತು. ಪರಮಾನಂದನಿಗೆ ನಗಬೇಕೋ ಶಾಲು ವಾಪಸು ಪಡೆಯಬೇಕೋ ತಿಳಿಯಲಿಲ್ಲ. ಎಂಜಿನಿಯರಿಗೆ ಫೋನ್ ಹಚ್ಚಿದರೆ, ಫೋಟೊದಲ್ಲಿ ಸರಿಯಾಗಿಯೇ ಇದೆಯೆಂದು ಉತ್ತರ ಬಂತು.

ಅಂದು ಮೈಬೂಬ ಬೀರಣ್ಣನ ಪಾಠವನ್ನು ಮೊದಲಿನಿಂದ ಒಪ್ಪಿಸಿದ. ಪೇಟೆಯಿಂದ ತಂದ ಹೊಸ ಟೇಪಿನಿಂದ, ತಂದೆಯ ಹಾಗೆ, ಮೂರು ಸಲ ಅಳೆದ. ಗಿಡ್ಡ ತೊಲೆಯನ್ನು ಕಿತ್ತೆಸೆದು ಹೊಸದನ್ನು ಕತ್ತರಿಸಿದ. ಬೆಣೆ ಬಡಿದು ಕಂಬದ ಹತ್ತಿರಕ್ಕೆ ತಂದ. ಕಂಬವೇ ತುಸು ವಾಲಿದ್ದರಿಂದ ಮೂರು ಮಿಲಿಮೀಟರು ಸಂದಿ ಉಳಿಯಿತು. ಆ ಮೂರಕ್ಕೆ ಸರಿಯಾಗಿ ಬೆಸುಗೆಯನ್ನು ಮೂರು ಮಿಲಿಮೀಟರು ಹೆಚ್ಚು ದಪ್ಪ ಮಾಡಿದ. ಅದು ಜೋಳದ ತೆನೆಯಂತಿರಲಿಲ್ಲ, ಬೆಲ್ಲದ ಉಂಡೆ ಒತ್ತಿದ ಹಾಗಿತ್ತು. ಬಣ್ಣ ಬಳಿಯಲು ಹೋದಾಗ ಅಮೀನಾಬಿ ಡಬ್ಬಿ ಕಸಿದುಕೊಂಡಳು.

“ಎಂಟು ದಿನ ಬ್ಯಾಡ. ಎಲ್ಲಾರೂ ನೋಡ್ಲಿ.”

ಸಂಜೆ ಅಟ್ಟಕ್ಕೆ ಮೂಟೆ ಏರಿತು. ಕೆಳಗೆ ಮಾತ್ರ ಯಾವ ಹೆಂಗಸೂ ಹೋಗಲಿಲ್ಲ.

“ಮೊದಲ ನೀವ ಕುಂದರ್ರಿ,” ಎಂದಳು ಅಮೀನಾಬಿ. “ಗಾಳಿ ಛಲೋ ಐತಿ.”

ಹೀಗೆ ಮರುದಿನ ಇಡೀ ದಿನ, ನಾಲ್ಕು ತಾಲ್ಲೂಕಿನ ಹೆಸರುವಾಸಿ ವೆಲ್ಡರ್ ಮೈಬೂಬ ಮೂರನೇ ಕಂಬದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು ನಿಂಬೆಹಣ್ಣು ಆರಿಸಿದ. ನಲವತ್ತು ಸಲವಾದರೂ ತಲೆಯೆತ್ತಿ ಮೇಲೆ ನೋಡಿದ. ತೊಲೆ ಮಿಸುಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಅವನ ಸುತ್ತ ಬಂದು ಕೂತರು. ಅಮೀನಾಬಿ ಅವನ ಬುಟ್ಟಿಯಿಂದ ಒಂದು ಹಣ್ಣು ಎತ್ತಿ, ಅದುಮಿ ನೋಡಿ, ಹೊರಗೆ ಎಸೆದಳು.

“ಇದು ಒಳಗ ಕೆಟ್ಟೈತ್ರಿ. ಗ್ರೈಂಡರ್ ಹಚ್ಚಿದ್ರ ನಡಿಯೂದಿಲ್ಲ.”

ಮೈಬೂಬ ಬುಟ್ಟಿ ಸುರುವಿ ಮೊದಲಿನಿಂದ ಆರಿಸತೊಡಗಿದ.