ಚೆಂಡು ಬಿಟ್ಟವರದೇ ಸರ್ವಿಸ್

ನಮ್ಮ ಶಾಲೆಯ ಪಿ.ಟಿ. ಟೀಚರ್ ಬಗ್ಗೆ ನಾನು ಒಳ್ಳೇ ಮಾತು ಬರೀತೀನಿ ಅಂತ ಹೋದ ವರ್ಷ ಯಾರಾದರೂ ಹೇಳಿದ್ದರೆ ನಕ್ಕುಬಿಡ್ತಿದ್ದೆ. ನಾನು ಗಣಿತದವಳು. ಇಪ್ಪತ್ತೆರಡು ವರ್ಷದಿಂದ ಅವರ ಪೀರಿಯಡ್ ಕಿತ್ಕೊಂಡೇ ನನ್ನ ಪಾಠ ಮುಗಿಸಿದ್ದು. ಆಯಮ್ಮ ಒಂದು ದಿನಕ್ಕೂ ಜಗಳಕ್ಕೆ ಬಂದವರಲ್ಲ. ಐವತ್ತಾರು ವಯಸ್ಸು, ಎಡಮಂಡಿ ಸ್ವಲ್ಪ ನೋವು, ತಂಗಿ ಮನೆಯ ಮಹಡೀಲಿ ವಾಸ. ಪೀರಿಯಡ್ ಹೋದ ದಿನ ಮೆಟ್ಟಿಲ ಕೆಳಗಿನ ಕೋಣೇಲಿ ಕೂತು ಚೆಂಡುಗಳಿಗೆ ಗಾಳಿ ತುಂಬೋರು. ಮಕ್ಕಳು ಬೆನ್ನ ಹಿಂದೆ ಅವರನ್ನ 'ಸೀಟಿ' ಅನ್ನೋರು. ನಾವೂ ಅಂತಿದ್ದೆವು, ಮುಚ್ಚಿಡೋದೇನು.

ಈ ವರ್ಷ ನನ್ನ ಮಗಳೇ ಹತ್ತನೇ ತರಗತಿ, ನನ್ನದೇ ಕ್ಲಾಸು. ಮನೇಲಿ ಪಟಪಟ ಲೆಕ್ಕ ಮಾಡೋಳು, ಪರೀಕ್ಷೇಲಿ ಒಂದು ಹೆಜ್ಜೆ ತಪ್ಪಿದರೆ ಸಾಕು, ಕೈ ನಿಂತುಹೋಗೋದು. ಎರಡು ಪರೀಕ್ಷೇಲಿ ಮುಕ್ಕಾಲು ಹಾಳೆ ಖಾಲಿ ಕೊಟ್ಟಳು. ಮುಖ್ಯೋಪಾಧ್ಯಾಯರು ನನ್ನನ್ನ ಕರೆದು, "ಮೂರನೇದೂ ಹೀಗೇ ಆದರೆ ಈ ವರ್ಷ ಕೊನೇ ಪರೀಕ್ಷೆಗೆ ಕೂರಿಸೋಲ್ಲ ಮೇಡಂ, ಬೇಜಾರು ಮಾಡ್ಕೋಬೇಡಿ" ಅಂದರು. ಆಮೇಲೆ ನಾನು ಮಾಡಿದ್ದೇನು? ಇನ್ನೆರಡು ಆಟದ ಪೀರಿಯಡ್ ಕಿತ್ಕೊಂಡೆ.

ಆವತ್ತು ಮೊದಲ ಸಲ ಆಯಮ್ಮ ನನ್ನ ಕ್ಲಾಸಿನ ಬಾಗಿಲಿಗೆ ಬಂದರು.

"ಮೇಡಂ, ನನ್ನ ಪೀರಿಯಡ್ ವಾಪಸ್ ಕೊಡಿ."

"ಪರೀಕ್ಷೆಗೆ ಹದಿನೈದೇ ದಿನ ಇದೆ ಕಣ್ರೀ. ಆಟ ಎಲ್ಲಿ ಓಡಿಹೋಗುತ್ತೆ?"

"ಆಟ ಓಡಲ್ಲ, ನಿಮ್ಮ ಮಗಳು ಓಡಬೇಕು. ಅವಳು ಉಸಿರು ಬಿಗಿಹಿಡಿದು ಕೂತಿರೋದನ್ನ ಕಿಟಕಿಯಿಂದ ದಿನಾ ನೋಡ್ತೀನಿ. ಈ ಹದಿನೈದು ದಿನ ಕೊಡಿ. ಆಗಲಿಲ್ಲ ಅಂದ್ರೆ ಆಮೇಲೆ ಒಂದು ಪೀರಿಯಡ್ಡೂ ಕೇಳಲ್ಲ."

ಮೈಯೆಲ್ಲಾ ಉರಿದುಹೋಯ್ತು. ಆದರೆ ಇಡೀ ಕ್ಲಾಸು ನನ್ನ ಮುಖ ನೋಡ್ತಿತ್ತು, ಕೊಟ್ಟೆ.

ಕೊಟ್ಟವಳು ಸುಮ್ಮನಿರ್ತೀನಾ? ಸ್ಟಾಫ್ ರೂಮಿನ ಕಿಟಕಿಗೆ ಅಂಟಿಕೊಂಡು ನಿಂತೆ. ವಾಲಿಬಾಲ್ ನಡೀತಿತ್ತು. ಅದಕ್ಕೆ ಅವರದೇ ಒಂದು ನಿಯಮ, ಚೆಂಡು ಬಿಟ್ಟವರೇ ಮುಂದಿನ ಸರ್ವಿಸ್ ಮಾಡಬೇಕು. ಜಗತ್ತಲ್ಲಿ ಎಲ್ಲೂ ಇಲ್ಲದ್ದು. ಮಗಳು ಚೆಂಡು ಬಿಟ್ಟಳು, ಮುಖ ಮುಚ್ಕೊಂಡಳು. ಆಯಮ್ಮ ಬಯ್ಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಚೆಂಡು ಅವಳ ಕೈಗಿಟ್ಟು, "ಉಸಿರು ಬಿಡು, ಹೊಡಿ" ಅಂದರು. ನೆಟ್ಟಿಗೆ ಬಡೀತು. ಮತ್ತೆ ಅವಳ ಕೈಗೇ ಚೆಂಡು. ಅಳೋಕೆ ಪುರುಸೊತ್ತೇ ಕೊಡಲಿಲ್ಲ. ಐದನೇ ಸಲ ಚೆಂಡು ಆಚೆ ದಾಟಿತು.

ಹತ್ತು ದಿನದಲ್ಲಿ ಹುಡುಗಿ ಬಿಟ್ಟ ಚೆಂಡನ್ನ ತಾನೇ ಓಡಿ ತರೋಳಾದಳು. ಹೊಟ್ಟೆತುಂಬ ಉಂಡು, ತಲೆ ದಿಂಬಿಗೆ ತಾಗಿದರೆ ನಿದ್ದೆ. ಬೆಳಿಗ್ಗೆ ಎಬ್ಬಿಸದೆ ಎದ್ದು ಲೆಕ್ಕಕ್ಕೆ ಕೂರೋಳು. ನಾನು ಒಪ್ಪಲಿಲ್ಲ. ನನ್ನ ಹಟ ಅಷ್ಟು ಸುಲಭಕ್ಕೆ ಇಳಿಯೋದಲ್ಲ.

"ಈ ನಿಯಮ ಎಲ್ಲಿಂದ ತಂದ್ರಿ?" ಅಂತ ಒಂದು ದಿನ ಚುಚ್ಚಿಯೇ ಕೇಳಿದೆ.

"ಹದಿನಾರನೇ ವಯಸ್ಸಲ್ಲಿ ಓಟದಲ್ಲಿ ಬಿದ್ದೆ ಮೇಡಂ. ನಮ್ಮ ಮೇಷ್ಟ್ರು ವರ್ಷಪೂರ್ತಿ ಬೆಂಚಲ್ಲಿ ಕೂರಿಸಿದರು. ಬಿದ್ದ ಗಾಯ ವಾರದಲ್ಲಿ ಮಾಯ್ತು. ಕೂತಿದ್ದು ಮಾಯೋಕೆ ಹತ್ತು ವರ್ಷ ಹಿಡೀತು."

ಪರೀಕ್ಷೆ ದಿನ ಕೊಠಡಿಗೆ ನಾನೇ ಮೇಲ್ವಿಚಾರಕಿ. ಎರಡನೇ ಲೆಕ್ಕಕ್ಕೆ ಮಗಳ ಪೆನ್ನು ನಿಂತಿತು. ನಾನು ಅವಳ ಮುಖಾನೇ ನೋಡ್ತಾ ನಿಂತೆ. ಅವಳು ಕಿಟಕಿ ಕಡೆ ತಿರುಗಿ ಉದ್ದಕ್ಕೆ ಉಸಿರು ಬಿಟ್ಟಳು, ಆ ಲೆಕ್ಕಕ್ಕೆ ಅಡ್ಡಗೆರೆ ಎಳೆದು ಮೂರನೇದಕ್ಕೆ ಹೋದಳು. ಬೆಲ್ ಹೊಡೆಯೋವರೆಗೂ ಬರೀತಾನೇ ಇದ್ದಳು. ಸಂಜೆ ಶಾಲೇಲೇ ಕೂತು ತಿದ್ದಿದೆ, ಹತ್ತರಲ್ಲಿ ಏಳು ಸರಿ. ಕೊನೇ ಪರೀಕ್ಷೆಗೆ ಕೂರೋದು ಖಾತ್ರಿಯಾಯ್ತು.

ಆಯಮ್ಮನಿಗೆ ಎಲ್ಲ ಪೀರಿಯಡ್ಡೂ ವಾಪಸ್ ಕೊಟ್ಟೆ. ಜಂಭ ಪಡಲಿಲ್ಲ, "ಸ್ವಲ್ಪ ಈ ಪಂಪ್ ಹಿಡ್ಕೊಳ್ಳಿ" ಅಂದರು. ಹಿಡ್ಕೊಂಡೆ.

ಮನೆಗೆ ಹೋಗ್ತಾ ಮಗಳನ್ನ ಕೇಳಿದೆ, "ಲೆಕ್ಕ ತಪ್ಪಿದಾಗ ಈ ಸಲ ಭಯ ಆಗಲಿಲ್ವಾ?"

"ಆಯ್ತಮ್ಮ. ಆದ್ರೆ ನಾನು ತಪ್ಪು ಮಾಡಿದಾಗ ಟೀಚರ್ ಚೆಂಡು ನೋಡ್ತಾರೆ, ನೀನು ನನ್ನ ಮುಖ ನೋಡ್ತೀಯ. ಅದಕ್ಕೇ ಇವತ್ತು ನಿನ್ನ ಕಡೆ ತಿರುಗಲೇ ಇಲ್ಲ."

ನಾನು ರಸ್ತೆ ಅಂಚಲ್ಲೇ ನಿಂತುಬಿಟ್ಟೆ. ಅವಳೇ ನನ್ನ ಕೈ ಹಿಡ್ಕೊಂಡು ರಸ್ತೆ ದಾಟಿಸಿದಳು.